ಮೂತಿಯಿಲ್ಲದ ರಾಕೆಟ್ಟು

ನನ್ನ ಗಂಡ ಚನ್ನವೀರ ಆ ಪೆಟ್ಟಿಗೆಯನ್ನು ತಂದು ನನ್ನ ಹೊಲಿಗೆ ಮೇಜಿನ ಮೇಲೆ ಇಟ್ಟಾಗ ನಾನೊಂದು ಜುಬ್ಬಾಕ್ಕೆ ಕಾಲರು ಕೂರಿಸುತ್ತಿದ್ದೆ. ಮೇಜಿನ ಮೇಲೆ ಬಟ್ಟೆಯಲ್ಲದೆ ಬೇರೆ ಏನನ್ನಾದರೂ ಇಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದು ಅವನಿಗೆ ಗೊತ್ತು. ಗೊತ್ತಿದ್ದೂ ಇಟ್ಟಿದ್ದಾನೆಂದರೆ ಒಳಗೆ ಭಾರೀ ವಸ್ತುವೇ ಇರಬೇಕು ಅಂದುಕೊಂಡೆ. ಅವನು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾನೆ. ಮಕ್ಕಳಿಗೆ ತೋರಿಸಲೆಂದು ಹೊರಗಿನ ಯಾವುದೋ ಪಟ್ಟಣದಿಂದ ರಾಕೆಟ್ಟಿನ ಕಿಟ್ಟು ತರಿಸಿದ್ದ. ತೆರೆದು ನೋಡಿದರೆ ಅಂಗೈಗಿಂತ ಸ್ವಲ್ಪ ಅಗಲದ ಎರಡು ರಟ್ಟಿನ ಬಿಲ್ಲೆಗಳು, ಗೇಣುದ್ದದ ಒಂದು ಕೊಳವೆ, ಮದ್ದು ತುಂಬಿದ ಎರಡು ಸಣ್ಣ ಕೊಳವೆಗಳು, ಬೆಂಕಿ ಹೊತ್ತಿಸುವ ತಂತಿ, ರಾಕೆಟ್ಟನ್ನು ಸಿಕ್ಕಿಸಿ ನಿಲ್ಲಿಸಲು ಒಂದು ಉಕ್ಕಿನ ಕಡ್ಡಿ. ಚೂಪು ಮೂತಿ ಇಲ್ಲ, ಬಾಲಕ್ಕೆ ರೆಕ್ಕೆ ಇಲ್ಲ, ಇಳಿಯುವುದಕ್ಕೆ ಪ್ಯಾರಾಚೂಟೂ ಇಲ್ಲ.

"ಅರ್ಧ ಸಾಮಾನು ಕಳಿಸ್ಯಾರ ನೋಡು," ಎಂದು ಚನ್ನವೀರ ಪೆಟ್ಟಿಗೆಯನ್ನು ಬೋರಲು ಹಾಕಿ ಕೊಡವಿದ. ನಾನು ಜೊತೆಗಿದ್ದ ಚಿತ್ರದ ಹಾಳೆ ಬಿಡಿಸಿ ಅವನ ಮುಂದೆ ಹಿಡಿದೆ. ಕೊಳವೆ, ಅದರ ಎರಡು ತುದಿಗೆ ಎರಡು ಬಿಲ್ಲೆ, ಮುಗಿಯಿತು. ಅಂಥವು ನನ್ನ ಅಂಗಡಿಯ ಡಬ್ಬದಲ್ಲಿ ರಾಶಿ ಬಿದ್ದಿವೆ, ಒಂದೊಂದಕ್ಕೂ ಬಣ್ಣಬಣ್ಣದ ದಾರ ಸುತ್ತಿದೆ. "ರಾಕೆಟ್ ಅಲ್ರೀ ಇದು, ದಾರದ ರೀಲು," ಎಂದೆ. ಅವನಿಗೆ ಬಹಳ ಬೇಜಾರಾಯಿತು, ಆ ಸಂಜೆ ಚಹಾ ಕೂಡ ಸರಿಯಾಗಿ ಕುಡಿಯಲಿಲ್ಲ.

ಹೊರಗಿನವರಿಗೆ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ಯಾರಾದರೂ ನೋಡುತ್ತಿರುವಷ್ಟು ಹೊತ್ತು ಯಾವ ವಸ್ತುವೂ ಕೆಳಗೆ ಬೀಳುವುದಿಲ್ಲ. ತೆಂಗಿನಕಾಯಿ ಕೆಡವುವವರು ಮರದ ಮೇಲಿಂದ "ತಲಿ ತಗ್ಗಸ್ರೀ" ಎಂದು ಕೂಗಿದರೆ ಬೀದಿಯವರೆಲ್ಲ ಕಾಲಬೆರಳು ನೋಡುತ್ತ ನಿಲ್ಲುತ್ತೇವೆ, ಕಾಯಿ ದಬದಬ ಬೀಳುತ್ತದೆ. ನಮ್ಮ ಹುಡುಗರು ಕ್ರಿಕೆಟ್ಟಿನಲ್ಲಿ ಕ್ಯಾಚು ಹಿಡಿಯಬೇಕಾದರೆ ಕಣ್ಣು ಮುಚ್ಚಿ ಕೈ ಚಾಚುತ್ತಾರೆ. ಬೇರೆ ಊರಿನ ತಂಡಗಳು ಇಲ್ಲಿ ಆಡಲು ಬರುವುದನ್ನು ಎಂದೋ ಬಿಟ್ಟಿವೆ. ಮಳೆಗೆ ಮಾತ್ರ ನಮ್ಮಿಂದ ತೊಂದರೆ ಇಲ್ಲ, ಅಷ್ಟು ಹನಿಗಳನ್ನು ಯಾರು ತಾನೇ ನೋಡುತ್ತಾ ಕೂರುತ್ತಾರೆ. ಚನ್ನವೀರ ಹೊರಗಿನಿಂದ ಬಂದ ಮನೆ ಅಳಿಯ. ನಮ್ಮ ಮದುವೆಯಲ್ಲಿ ಅಕ್ಷತೆ ತಲೆಯ ಮೇಲೆ ಗಾಳಿಯಲ್ಲಿ ಹಾಗೇ ನಿಂತದ್ದು ಕಂಡು ಬಾಯಿ ತೆರೆದು ನೋಡುತ್ತಲೇ ಉಳಿದ. ಕೊನೆಗೆ ನನ್ನ ತಾಯಿ ಬಂದು ಸೆರಗಿನಿಂದ ಅವನ ಕಣ್ಣು ಮುಚ್ಚಿದ ಮೇಲೆಯೇ ನಮ್ಮ ತಲೆಗೆ ಅಕ್ಕಿಕಾಳು ಬಿದ್ದದ್ದು.

ಇಂಥ ಊರಿನಲ್ಲಿ ನೋಡುವುದೇ ಒಂದು ಕಸುಬು. ಮನೆ ಕಟ್ಟುವಲ್ಲಿ, ತೊಲೆ ಏರಿಸುವಲ್ಲಿ, ಬಾವಿಗೆ ಕಲ್ಲು ಇಳಿಸುವಲ್ಲಿ ನೋಟಗಾರ ಬೇಕೇ ಬೇಕು. ತೆಂಗಿನಕಾಯಿಯನ್ನು ಯಾರು ಬೇಕಾದರೂ ನೋಡಿ ನಿಲ್ಲಿಸಬಹುದು. ಕಬ್ಬಿಣದ ತೊಲೆಯನ್ನು ನಿಲ್ಲಿಸುವುದು ಬೇರೆ ಮಾತು, ಅದರ ಭಾರವೆಲ್ಲ ನೋಡುವವರ ಹುಬ್ಬಿನ ಮೇಲೆ ಬಂದು ಕೂರುತ್ತದೆ, ನನ್ನಂಥವರ ಕಣ್ಣು ತಾನಾಗಿ ಮುಚ್ಚಿಕೊಂಡುಬಿಡುತ್ತದೆ. ನೋಟಗಾರ ದಣಿವಾದಾಗ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಹಿಡಿಯುತ್ತಾನೆ. ಇಳಿಸಬೇಕಾದಾಗ ಎರಡೂ ರೆಪ್ಪೆ ಒಟ್ಟಿಗೆ ಬಡಿಯುತ್ತಾನೆ. ಮುಚ್ಚಿದ್ದಷ್ಟು ಹೊತ್ತು ವಸ್ತು ಜಾರುತ್ತದೆ, ತೆರೆದ ಕೂಡಲೇ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬೇರೆಯವರ ನೋಟ ಬಿದ್ದರೆ ಕೆಲಸ ಕೆಡುತ್ತದೆ, ಹಾಗಾಗಿ ಉಳಿದವರೆಲ್ಲ ತಲೆ ತಗ್ಗಿಸಿ ನಿಲ್ಲಬೇಕು.

ನನ್ನ ಅಪ್ಪ ಕೊಟ್ರಬಸಪ್ಪ ಅಂಥ ನೋಟಗಾರ. ಅಂಥ ಎಂದರೆ ಸಾಲದು, ಅವನ ಕಾಲದಲ್ಲಿ ಅವನೇ. ಗಡಿಯಾರದ ಗೋಪುರಕ್ಕೆ ಗಂಟೆ ಏರಿಸುವಾಗ ಹಗ್ಗ ಹರಿಯಿತು. ಪಕ್ಕದ ಊರಿನಿಂದ ಬಸ್ಸಿನಲ್ಲಿ ಹೊಸ ಹಗ್ಗ ಬರುವವರೆಗೆ, ಆ ಉರಿಬಿಸಿಲಿನಲ್ಲಿ, ಅಪ್ಪ ಒಬ್ಬನೇ ಆ ಗಂಟೆಯನ್ನು ಹಿಡಿದು ನಿಂತಿದ್ದ. ಆಮೇಲೆ ಕೆಲವು ದಿನ ಅವನಿಗೆ ಕಣ್ಣು ತೆರೆಯಲಾಗಲಿಲ್ಲ, ಅವ್ವ ಸೌತೆಕಾಯಿ ಹೋಳು ಇಡುತ್ತ ಪಕ್ಕದಲ್ಲೇ ಕೂತಿದ್ದಳು. ಅಂದು ಆ ಗಂಟೆಯ ಕೆಳಗೆ ಸಿಕ್ಕಿಕೊಂಡಿದ್ದ ಹುಡುಗ ಈಗ ಊರಿನ ದೊಡ್ಡ ಗುತ್ತಿಗೆದಾರ ಹುಸೇನಸಾಬ.

ಹುಸೇನಸಾಬನಿಗೆ ಸಂತೆ ಮಾರುಕಟ್ಟೆಯ ಹೊಸ ಚಾವಣಿಯ ಕೆಲಸ ಸಿಕ್ಕಿತ್ತು. ನಡುವಿನ ದೊಡ್ಡ ತೊಲೆ ಏರಿಸುವ ದಿನ ಮುಂದಿನ ಸೋಮವಾರವೆಂದು ಗೊತ್ತುಮಾಡಿದ್ದರು. ಅವನು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, "ಯಜಮಾನ್ರ, ಹರೇದ ನೋಟಗಾರರು ಭಾಳ ಮಂದಿ ಅದಾರ. ಆದ್ರ ಈ ತೊಲಿ ಮಾತ್ರ ನಿಮ್ಮ ಕಣ್ಣಾಗ ಏರಬೇಕು ಅನ್ನೋದು ನನ್ನಾಸಿ," ಎಂದ. ಅಪ್ಪ ಉತ್ತರ ಕೊಡಲು ಉಸಿರು ಕೂಡ ಎಳೆದುಕೊಳ್ಳಲಿಲ್ಲ. "ಬರ್ತೀನಿ," ಎಂದುಬಿಟ್ಟ. ಒಳಗೆ ಮಷಿನ್ನು ತುಳಿಯುತ್ತಿದ್ದ ನನ್ನ ಕಾಲು ನಿಂತಿತು.

ಯಾಕೆಂದರೆ ಹಿಂದಿನ ವಾರವಷ್ಟೇ ಅಪ್ಪ ನನ್ನ ಅಂಗಡಿಗೆ ಬಂದು, ಬಟ್ಟೆ ತೊಡಿಸಿ ಬಾಗಿಲಲ್ಲಿ ನಿಲ್ಲಿಸಿದ್ದ ಬೊಂಬೆಗೆ "ಯಾವಾಗ ಬಂದ್ರಿ, ಕೂಡ್ರಿ," ಎಂದಿದ್ದ. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ನರ ಒಣಗಿವೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದಷ್ಟನ್ನು ಕಾಪಾಡಿಕೊಳ್ಳಿ ಎಂದಿದ್ದರು. ಅಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಹತ್ತಿರದ್ದು ಮಬ್ಬು, ಖರೆ. ದೂರದ್ದು ನಿಚ್ಚಳ ಕಾಣ್ತೈತಿ. ನನ್ನ ಕೆಲಸ ಇರೋದು ದೂರದ್ದು," ಎನ್ನುತ್ತಿದ್ದ. ಅವ್ವನೂ ಅವನಿಗೆ ತಕ್ಕವಳೇ. ಊಟಕ್ಕೆ ಬಡಿಸುವಾಗ ಯಾರ ಜೊತೆಗೋ ಹರಟೆ ಹೊಡೆಯುವವಳಂತೆ "ಇವತ್ತು ಬದನೀಕಾಯಿ ಬಲಕ್ಕ ಬಿತ್ತು, ಉಪ್ಪಿನಕಾಯಿ ಆ ಕಡಿ ಹೋತು," ಎಂದು ಹೇಳುತ್ತ ಹೋಗುತ್ತಿದ್ದಳು. ಅಪ್ಪನ ಬೆರಳು ತಪ್ಪದೆ ಅಲ್ಲಲ್ಲಿಗೇ ಹೋಗುತ್ತಿತ್ತು. ಇವರಿಬ್ಬರ ಈ ನಾಟಕ ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಮರುಕವೂ ಆಗುತ್ತಿತ್ತು.

ಅಡಿಗೆಮನೆಯಲ್ಲಿ ಅವ್ವನನ್ನು ಹಿಡಿದು ನಿಲ್ಲಿಸಿ ಕೇಳಿದೆ. "ಆ ತೊಲಿ ಕೆಳಗ ಆರು ಮಂದಿ ನಿಂತು ಬೋಲ್ಟ್ ಬಿಗೀತಾರವ್ವ. ಅಪ್ಪಗ ಕಾಣದಿದ್ರ ಏನ್ ಗತಿ?"

"ಹಿಡೀತೀನಿ ಅಂದ್ರಲ್ಲ, ಹಿಡೀತಾರ ಬಿಡು."

"ಬಿದ್ರ?"

ಅವ್ವ ರೊಟ್ಟಿ ತಿರುವಿ ಹಾಕಿದಳು. ಹೆಂಚಿನಿಂದ ಕಣ್ಣು ಎತ್ತದೆ, "ದಾಕ್ಷಿ, ಅವರಿಗೆ ಅದೊಂದ ಉಳದೈತಿ. ಅದನ್ನೂ ಕಸಗೊಂಡ್ರ ಮನ್ಯಾಗ ಏನಂತ ಕೂಡ್ತಾರ?" ಎಂದಳು.

ನಮ್ಮೂರಿನಲ್ಲಿ ನೋಟಗಾರನನ್ನು ಪರೀಕ್ಷೆ ಮಾಡುವಂತಿಲ್ಲ. ಅವನ ಎದುರಿಗೆ ಸುಮ್ಮನೆ ಏನನ್ನಾದರೂ ಮೇಲಕ್ಕೆಸೆದು ಹಿಡಿ ಎನ್ನುವುದು, ಕಣ್ಣು ಹೇಗಿದೆ ಎಂದು ಕೇಳುವುದು, ಎರಡೂ ದೊಡ್ಡ ಅವಮಾನ. ಅವನು ಬರುತ್ತೇನೆ ಎಂದರೆ ಬಂದ ಹಾಗೆ, ಆಗುವುದಿಲ್ಲ ಎಂದರೆ ಬಿಟ್ಟ ಹಾಗೆ. ಹುಸೇನಸಾಬನಿಗೆ ಹೋಗಿ ಹೇಳಿಬಿಡೋಣ ಎಂದು ಎರಡು ಸಲ ಚಪ್ಪಲಿ ಮೆಟ್ಟಿಕೊಂಡೆ. ಅಪ್ಪ ಇರುವಾಗ ಮಗಳು ಹೋಗಿ ಅಪ್ಪ ಕುರುಡನಾಗಿದ್ದಾನೆ ಎನ್ನುವುದು ಹೇಗೆ? ಚಪ್ಪಲಿ ಬಿಟ್ಟು ಒಳಗೆ ಬಂದೆ.

ಇದರ ನಡುವೆಯೇ ರಾಕೆಟ್ಟು ಕಟ್ಟಿದೆವು. ಕಟ್ಟಿದೆವು ಎಂದರೆ ನಾನು ಕಟ್ಟಿದೆ, ಚನ್ನವೀರ ಅಂಟಿನ ಬಾಟಲಿಯ ಮುಚ್ಚಳ ಹಿಡಿದುಕೊಂಡು ಕೂತ. ಬಿಲ್ಲೆಗಳಲ್ಲೊಂದು ಬರುವ ದಾರಿಯಲ್ಲಿ ಮುದುರಿಹೋಗಿತ್ತು. ಕಾಲರಿಗೆ ಹಾಕುವ ಬಕ್ರಂ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಇಸ್ತ್ರಿ ಒತ್ತಿ, ಅಷ್ಟೇ ಅಗಲದ ಹೊಸ ಬಿಲ್ಲೆ ಕತ್ತರಿಸಿದೆ. ಆಕಾಶದಲ್ಲಿ ಎದ್ದು ಕಾಣಲೆಂದು ಲಂಗಕ್ಕೆ ಹಾಕಿ ಉಳಿದಿದ್ದ ನಿಂಬೆಹಳದಿ ಸ್ಯಾಟಿನ್ನನ್ನು ಸುತ್ತಿದೆ. ಚನ್ನವೀರನಿಗೆ ಮಾತ್ರ ಸಮಾಧಾನವಿಲ್ಲ. ನಾನು ನೀರು ಕುಡಿಯಲು ಎದ್ದು ಹೋಗಿ ಬರುವಷ್ಟರಲ್ಲಿ ಕಾಗದದ ಶಂಕು ಮಾಡಿ ಮೇಲೆ ಕೂರಿಸಿದ್ದ.

"ಇದೇನ್ರೀ?"

"ಮೂತಿ. ಮೂತಿ ಇಲ್ಲದ್ದು ಗಾಳಿ ಹ್ಯಾಂಗ ಸೀಳೀತು?"

"ಇದು ಸೀಳಾಂಗಿಲ್ಲ. ತಳದ ಬಿಲ್ಲಿ ಗಾಳಿನ್ನ ತಡದು ತಡದು ನೆಟ್ಟಗ ನಿಲ್ಲಸ್ತೈತಿ ಅಂತ ಚಿತ್ರದಾಗ ಬಾಣ ಹಾಕಿ ತೋರ್ಸ್ಯಾರ. ನೀವ ವಿಜ್ಞಾನದ ಮಾಸ್ತರು," ಎಂದು ಶಂಕುವನ್ನು ತೆಗೆದು ಅವನ ತಲೆಗೇ ಇಟ್ಟೆ. ಅಪ್ಪ ಸದ್ದು ಕೇಳಿ ಬಂದು, ಕೈ ಚಾಚಿ ಆ ವಸ್ತುವನ್ನು ತಿರುಗಿಸಿ ತಿರುಗಿಸಿ ಮುಟ್ಟಿದ. "ಇದಕ್ಕ ದಾರ ಸುತ್ತಿದ್ರ ನಿನ್ನ ಹೆಂಡತಿಗೆ ಉಪಯೋಗ ಆಗ್ತಿತ್ತಲ್ಲೋ ಮಾಸ್ತರ," ಎಂದ. ಮನೆಯಲ್ಲಿ ಎಲ್ಲರೂ ನಕ್ಕೆವು, ಚನ್ನವೀರನೂ ನಕ್ಕ.

ಮೊದಲ ಸಲ ಹಾರಿಸಿದ್ದು ಗುರುವಾರ, ಶಾಲೆಯ ಬಯಲಿನಲ್ಲಿ. ಮಕ್ಕಳು, ಮಾಸ್ತರುಗಳು, ಅಕ್ಕಪಕ್ಕದ ಬೀದಿಯವರು ಎಲ್ಲ ಸೇರಿದ್ದರು. ಚನ್ನವೀರ ಬ್ಯಾಟರಿಯ ಗುಂಡಿ ಒತ್ತಿದ. ಬುಸ್ಸೆಂದು ಹೊಗೆ ಕಾರಿಕೊಂಡು ನನ್ನ ಹಳದಿ ರೀಲು ಕಡ್ಡಿ ಬಿಟ್ಟು ಎದ್ದಿತು. ಡೊಂಕಾಗಲಿಲ್ಲ, ತಿರುಗಲಿಲ್ಲ. ಅವಸರವಿಲ್ಲದೆ, ಮೆಟ್ಟಿಲು ಹತ್ತುವವರಂತೆ ನೆಟ್ಟಗೆ ಏರಿತು. ಹುಣಿಸೆಮರ ದಾಟಿ, ಮದ್ದು ಮುಗಿದು, ಇನ್ನೊಂದಿಷ್ಟು ಏರಿ, ಅಲ್ಲಿ ನಿಂತಿತು. ಚಪ್ಪಾಳೆ ಬಿತ್ತು. ನನ್ನ ಕೈಯಾರೆ ಕತ್ತರಿಸಿದ ಬಕ್ರಂ ಅಷ್ಟು ಎತ್ತರದಲ್ಲಿರುವುದನ್ನು ನೋಡಿ ನನಗೂ ಹಿಗ್ಗಾಯಿತು.

ನಿಂತದ್ದು ನಿಂತೇ ಇತ್ತು. ಎಲ್ಲರೂ ನೋಡುತ್ತಿದ್ದರು, ಯಾರೂ ಮೊದಲು ತಲೆ ತಗ್ಗಿಸಲು ತಯಾರಿರಲಿಲ್ಲ. ಬೇರೆಯವರು ತಗ್ಗಿಸಲಿ, ನಾನೊಬ್ಬ ಇನ್ನು ಸ್ವಲ್ಪ ನೋಡುತ್ತೇನೆ ಎಂಬುದು ಪ್ರತಿಯೊಬ್ಬರ ಲೆಕ್ಕ. ಹೆಡ್‌ಮಾಸ್ತರು "ಎಲ್ಲರೂ ನೆಲ ನೋಡಿ" ಎಂದು ಕೂಗಿದರು, ಬಿತ್ತೋ ಇಲ್ಲವೋ ಎಂದು ತಾವೇ ಮೇಲೆ ನೋಡುತ್ತ. ಕೊನೆಗೆ ಊಟದ ಗಂಟೆ ಹೊಡೆದು ಸಾರಿನ ವಾಸನೆ ಬಂದ ಮೇಲೆ ಬಯಲು ಖಾಲಿಯಾಯಿತು. ರೀಲು ಅಡಿಗೆ ಕೋಣೆಯ ತಗಡಿನ ಮೇಲೆ ಬಿದ್ದು ಸಿಕ್ಕಿತು. ಒಂದು ಕಡೆಯೂ ನೆಗ್ಗಿರಲಿಲ್ಲ. ಹಗುರಾಗಿ ಅಗಲವಾಗಿ ಇರುವುದರಿಂದ ಮೆಲ್ಲಗೆ ಬೀಳುತ್ತದೆ, ಅದಕ್ಕೇ ಪ್ಯಾರಾಚೂಟು ಬೇಡ ಎಂದು ಚನ್ನವೀರ ಆಗ ವಿವರಿಸಿದ. ನಮ್ಮೂರಿನಲ್ಲಿ ಅದು ಬೀಳುವುದನ್ನು ಕಂಡು ಹೌದು ಎನ್ನುವವರು ಯಾರೂ ಇಲ್ಲವಲ್ಲ, ಹಾಗಾಗಿ ನಂಬಿದೆವು.

ಮನೆಗೆ ಬರುವ ದಾರಿಯಲ್ಲಿ ನನಗೆ ಆ ಯೋಚನೆ ಬಂತು. ಇನ್ನೊಂದು ಮದ್ದಿನ ಕೊಳವೆ ಉಳಿದಿದೆ. ಮಾರುಕಟ್ಟೆಯ ತೊಲೆಗಿಂತ ಎತ್ತರಕ್ಕೆ ಹೋಗುತ್ತದೆ. ತಲೆಯ ಮೇಲೆ ಬಿದ್ದರೂ ಯಾರಿಗೂ ನೋವಾಗುವುದಿಲ್ಲ. ಅಪ್ಪ ಹಿಡಿದರೆ ನಾನು ಬಾಯಿ ಮುಚ್ಚಿಕೊಂಡಿರಬಹುದು. ಹಿಡಿಯದಿದ್ದರೆ ಅವನಿಗೇ ಗೊತ್ತಾಗುತ್ತದೆ, ಯಾರೂ ಏನೂ ಹೇಳಬೇಕಾಗಿಲ್ಲ. ಚನ್ನವೀರನಿಗೆ ಹೇಳಿದರೆ ಅವನ ಮುಖ ಸಣ್ಣದಾಯಿತು. "ಮಾವಾರಿಗೆ ಇದು ಪರೀಕ್ಷೆ ಅಂತ ತಿಳೀತಂದ್ರ ನನ್ನ ಮನೀ ಬಿಟ್ಟು ಓಡಸ್ತಾರ," ಎಂದ. "ಪರೀಕ್ಷೆ ಅನಬ್ಯಾಡ್ರಿ. ಹೋದ ಸಲ ತಗಡಿನ ಮ್ಯಾಲ ಬಿತ್ತು, ಈ ಸಲ ನೀವು ಇಳಿಸಿ ಕೊಡ್ರಿ ಅಂತ ಕೇಳ್ರಿ," ಎಂದು ಹೇಳಿಕೊಟ್ಟೆ.

ಅವನು ಹಾಗೆಯೇ ಕೇಳಿದ. ಅಪ್ಪ ಮೊದಲು ಗುರುಗುಟ್ಟಿದ. "ಗಡಿಯಾರದ ಗಂಟಿ ಹಿಡಿದಾವ ನಾ. ಈಗ ನಿಮ್ಮ ಆಟಿಗಿ ಸಾಮಾನು ಇಳಸ್ಲೇನು?" ಎಂದ. ಆದರೆ ಕೇಳಿದ್ದು ಅವನಿಗೆ ಹಿತವಾಗಿತ್ತು ಎಂಬುದು ಮೀಸೆ ತೀಡುವುದರಲ್ಲೇ ತಿಳಿಯುತ್ತಿತ್ತು. ಸಂಜೆಯ ಹೊತ್ತಿಗೆ ತಾನೇ ಹುಸೇನಸಾಬನಿಗೆ ಹೇಳಿ ಕಳಿಸಿದ್ದ: ಭಾನುವಾರ ಬೆಳಿಗ್ಗೆ ಶಾಲೆಯ ಬಯಲಿಗೆ ನಿನ್ನ ಆ ಆರು ಆಳುಗಳನ್ನು ಕರೆದುಕೊಂಡು ಬಾ, ತಾವು ಯಾರ ಕಣ್ಣಿನ ಕೆಳಗೆ ನಿಲ್ಲುತ್ತೇವೆಂದು ಅವರಿಗೂ ಗೊತ್ತಾಗಲಿ. ಮನೆಯವರ ಮುಂದೆ ಮುಗಿಯಲಿ ಎಂದು ನಾನು ಮಾಡಿದ್ದು, ಅಪ್ಪ ಅದನ್ನು ಹಬ್ಬ ಮಾಡಿದ್ದ. ಈಗ ಬೇಡ ಎನ್ನಲು ನನಗೆ ದಾರಿ ಇರಲಿಲ್ಲ.

ಭಾನುವಾರ ಅಪ್ಪ ಬಿಳಿ ಧೋತರ ಉಟ್ಟು, ರುಮಾಲು ಸುತ್ತಿ ಹೊರಟ. ಅವ್ವನೂ ಬಾಗಿಲಿಗೆ ಬೀಗ ಹಾಕಿ ಹಿಂದೆಯೇ ಬಂದಳು. ಅಪ್ಪ ಕೆಲಸ ಮಾಡುವುದನ್ನು ಅವ್ವ ಜೀವಮಾನದಲ್ಲಿ ಎಂದೂ ನೋಡಲು ಹೋದವಳಲ್ಲ. ಹೋಗಿ ತಲೆ ತಗ್ಗಿಸಿ ನಿಲ್ಲುವುದಕ್ಕೆ ಅಷ್ಟು ದೂರ ಯಾಕೆ, ಅದನ್ನು ಮನೆಯಲ್ಲೇ ಮಾಡುತ್ತೇನಲ್ಲ ಎನ್ನುತ್ತಿದ್ದಳು. "ಇವತ್ತೇನವ್ವ?" ಎಂದರೆ, "ಅಡಿಗಿ ಆಗೇತಿ," ಎಂದಳು ಅಷ್ಟೇ. ದಾರಿಯಲ್ಲಿ ಕಲ್ಲು ಬಂದಲ್ಲೆಲ್ಲ "ಅಯ್ಯ, ಈ ಕಲ್ಲು ಇನ್ನೂ ಇಲ್ಲೇ ಐತಿ," ಎಂದು ತನ್ನಷ್ಟಕ್ಕೆ ಹೇಳುತ್ತಿದ್ದಳು. ಅಪ್ಪ ಅಲ್ಲಲ್ಲಿ ಕಾಲು ಎತ್ತಿ ಇಡುತ್ತಿದ್ದ.

ಬಯಲಿನಲ್ಲಿ ಹುಸೇನಸಾಬ ಮತ್ತು ಅವನ ಆಳುಗಳು ನಮಗಿಂತ ಮೊದಲೇ ಬಂದಿದ್ದರು. ಆಳುಗಳು ಎಲ್ಲರೂ ಹರೆಯದವರು. ಒಬ್ಬನ ಕೈಗೆ ಹೊಸ ಕಂಕಣ ಇತ್ತು, ಮದುವೆಯಾಗಿ ವಾರವೂ ಆಗಿರಲಿಲ್ಲವಂತೆ. ಅವನು ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅಪ್ಪ ಅವನ ತಲೆಯ ಮೇಲೆ ಕೈ ಇಡಲು ಹೋಗಿ ಒಂದು ಗೇಣು ಆಚೆ ಗಾಳಿಯಲ್ಲಿ ಇಟ್ಟ. ಹುಡುಗ ತಾನೇ ಸರಿದು ಆ ಕೈಯ ಕೆಳಗೆ ತಲೆ ತಂದ. ನಾನು ಬೇರೆ ಕಡೆ ನೋಡಿದೆ. ಅಪ್ಪ ಹಿಡಿಯಲಿ ಎಂದು ನನ್ನ ಅರ್ಧ ಮನಸ್ಸು ಬೇಡುತ್ತಿತ್ತು. ಇನ್ನರ್ಧ ಆ ಕಂಕಣವನ್ನೇ ನೋಡುತ್ತಿತ್ತು.

ಚನ್ನವೀರ ರೀಲನ್ನು ಕಡ್ಡಿಗೆ ಏರಿಸಿ, ತಂತಿ ಸಿಕ್ಕಿಸಿ, ಹಿಂದಕ್ಕೆ ಬಂದ. ಅಪ್ಪ ಕಾಲು ಅಗಲಿಸಿ ನಿಂತು, ಹಿಂದಿನ ಕಾಲದ ಅದೇ ಗಟ್ಟಿ ದನಿಯಲ್ಲಿ "ತಲಿ ತಗ್ಗಸ್ರಿ," ಎಂದ. ಎಲ್ಲರೂ ತಗ್ಗಿಸಿದೆವು. ಗುಂಡಿಯ ಸದ್ದು, ಹೊಗೆಯ ಬುಸ್ಸು, ಮದ್ದಿನ ಘಾಟು. ಸದ್ದು ಮೇಲೇರುತ್ತ ಹೋಗಿ ನಿಂತಿತು. ಆಮೇಲೆ ಏನೂ ಇಲ್ಲ.

ನಾನು ಹುಲ್ಲು ನೋಡುತ್ತ ಕಾದೆ. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಕಿವಿಯೆಲ್ಲ ನೆಲಕ್ಕೆ ಕೊಟ್ಟು ನಿಂತೆ. ಬೀಳಲಿಲ್ಲ. ಎಷ್ಟೇ ಮೆಲ್ಲಗೆ ಬಿದ್ದರೂ ಇಷ್ಟು ಹೊತ್ತಿಗೆ ಬಿದ್ದಿರಬೇಕಿತ್ತು. ಅಪ್ಪ ಹಿಡಿದಿದ್ದಾನೆ. ನನಗೆ ಎಲ್ಲಿ ಅತ್ತುಬಿಡುತ್ತೇನೋ ಎನ್ನುವಷ್ಟು ಸಂತೋಷವಾಯಿತು. ಪಕ್ಕದಲ್ಲಿ ಹುಸೇನಸಾಬ ನೆಲ ನೋಡುತ್ತಲೇ "ಶಾಬಾಸ್," ಎಂದು ಗೊಣಗಿದ. ತಲೆ ಎತ್ತದೆ, ಓರೆಗಣ್ಣಿನಲ್ಲಿ, ನನಗೆ ಅಪ್ಪನ ಮುಖವಾದರೂ ಕಾಣಬಹುದೇ ಎಂದು ನೋಡಿದೆ. ಕಂಡಿತು. ಅವನು ಮೇಲೆ ನೋಡುತ್ತಿದ್ದ. ಆದರೆ ನೆಲದ ಮೇಲೆ ನೋಡಿದರೆ ಗಾಳಿಗೆ ಹೊಗೆಯ ನೆರಳು ಶಾಲೆಯ ಕಟ್ಟಡದ ಕಡೆಗೆ ಸರಿದಿತ್ತು, ರೀಲಿನ ಚಿಕ್ಕ ನೆರಳೂ ಅಲ್ಲೇ ಬಿದ್ದಿತ್ತು. ಅಪ್ಪ ಶಾಲೆಗೆ ಬೆನ್ನು ಮಾಡಿ, ಏನೂ ಇಲ್ಲದ ಆಕಾಶವನ್ನು ರೆಪ್ಪೆ ಮುಚ್ಚದೆ ನೋಡುತ್ತಿದ್ದ.

ಹಾಗಾದರೆ ಹಿಡಿದವರು ಯಾರು? ಚನ್ನವೀರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಹುಸೇನಸಾಬನ ಟೋಪಿಯ ನೆತ್ತಿ ಕಾಣುತ್ತಿತ್ತು. ಆಳುಗಳೆಲ್ಲ ಬಾಗಿ ನಿಂತಿದ್ದರು. ಅವರೆಲ್ಲರ ಹಿಂದೆ ಅವ್ವ, ತಲೆಯ ಮೇಲಿನ ಸೆರಗು ಹಿಂದಕ್ಕೆ ಜಾರಿ, ಕತ್ತೆತ್ತಿ ಶಾಲೆಯ ಕಡೆಯ ಆಕಾಶವನ್ನು ನೋಡುತ್ತಿದ್ದಳು. ಬಿಸಿಲಿಗೆ ಕಣ್ಣು ಕೆಂಪಗಾಗಿ ನೀರು ಕೆನ್ನೆಯ ಮೇಲೆ ಹರಿದು ಕುತ್ತಿಗೆಗೆ ಇಳಿಯುತ್ತಿತ್ತು. ರೆಪ್ಪೆ ಮುಚ್ಚಬಾರದೆಂದು ಹುಬ್ಬನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದಿದ್ದಳು.

ನಾನು ಕರೆದರೆ ಮುಗಿಯಿತು. ಅವ್ವ ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಕರೆಯದಿದ್ದರೆ ನಾಳೆ ಆ ಕಂಕಣದ ಹುಡುಗ ತೊಲೆಯ ಕೆಳಗೆ ನಿಲ್ಲುತ್ತಾನೆ, ಅಲ್ಲಿ ಅವ್ವ ನೋಡಿ ಹಿಡಿಯುವುದಕ್ಕೆ ಅದು ರಟ್ಟಲ್ಲ. ಕರೆಯಲೆಂದು ಉಸಿರು ಎಳೆದುಕೊಂಡೆ, ಅಷ್ಟರಲ್ಲಿ ಅಪ್ಪ ಮಾತಾಡಿದ.

"ಹಾಲವ್ವಾ," ಎಂದ.

ಅಪ್ಪ ಅವ್ವನ ಹೆಸರು ಹಿಡಿದು ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮನೆಯಲ್ಲಿ ಅವಳು ಯಾವಾಗಲೂ "ಏ", ಇಲ್ಲವೇ "ಇಕಿ". ಅವ್ವ ಮೇಲೆ ನೋಡುತ್ತಲೇ "ಆಂ," ಎಂದಳು.

"ಕಣ್ಣು ಉರಿಯಾಕತ್ತಾವೇನು?"

"ಹ್ಞೂಂ. ಉರೀತಾವ," ಎಂದಳು.

"ನನ್ನ ಹುಬ್ಬಿಗೆ ಏನೂ ಭಾರ ಬಂದಿಲ್ಲ. ರಟ್ಟಾದ್ರೇನಾತು, ಇರುವಿ ಕೂತಷ್ಟಾದ್ರೂ ಗೊತ್ತಾಗಬೇಕು. ಅದು ನಿನ್ನ ಕಣ್ಣಾಗ ಐತಿ." ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸದ ಜಾಗದಲ್ಲಿ ಹೊಸಬರಿಗೆ ಹೇಳಿಕೊಡುವ ದನಿಯಲ್ಲಿ, "ಈಗ ಅದನ್ನ ಬಿಡಬ್ಯಾಡ. ಇಳಸಬೇಕು. ಎರಡೂ ರೆಪ್ಪಿ ಒಮ್ಮ ಮುಚ್ಚು, ಗಕ್ಕನ ತಗಿ. ಹೆದರಬ್ಯಾಡ," ಎಂದ.

"ನನಗ ಬರಾಂಗಿಲ್ರಿ."

"ಬರ್ತೈತಿ. ಮುಚ್ಚು. ತಗಿ. ಬಂತೇನು ಕೆಳಗ?"

"ಒಂದು ಮಾರು ಬಂತು."

"ಭಾಳ ಆತು. ಇನ್ನೂ ಲಗೂನ ತಗಿ."

ನಾವೆಲ್ಲ ತಲೆ ತಗ್ಗಿಸಿಕೊಂಡೇ ಇದ್ದೆವು. ಈಗ ನಾನು ನೋಡಿದರೆ ಅವ್ವನ ಕೆಲಸ ಕೆಡುತ್ತದೆ ಎಂದು ಹುಲ್ಲಿನ ಮೇಲಿನ ಆ ಚಿಕ್ಕ ನೆರಳನ್ನೇ ನೋಡುತ್ತ ನಿಂತೆ. ಅಪ್ಪ ಎರಡೂ ಕೈ ಮುಂದೆ ಚಾಚಿ ತಿರುಗಿದ. "ಎಲ್ಲಿ ಐತಿ ಹೇಳು, ನಾ ಬರ್ತೀನಿ," ಎಂದ. "ಎಡಕ್ಕ ಬರ್ರಿ. ಇನ್ನೂ ಎಡಕ್ಕ. ಮುಂದ ತೆಗ್ಗು ಐತಿ, ದಾಟ್ರಿ. ಸಾಕು, ನಿಲ್ರಿ," ಎಂದಳು ಅವ್ವ. ಈ ಸಲ ಅವಳು ಹರಟೆಯ ನೆಪ ಮಾಡಲಿಲ್ಲ, ನೇರವಾಗಿ ಅವನಿಗೇ ಹೇಳುತ್ತಿದ್ದಳು. ನೆರಳು ಬೊಗಸೆಯಷ್ಟಾಗಿ, ಅಪ್ಪನ ನೆರಳಿಗೆ ಸೇರಿತು. ಸ್ಯಾಟಿನ್ನು ಅಂಗೈಗೆ ತಾಗಿದ ಸಣ್ಣ ಸದ್ದು ಕೇಳಿತು. ಅವ್ವ ಅಲ್ಲೇ ಹುಲ್ಲಿನ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಪ್ಪ ರೀಲನ್ನು ಎರಡೂ ಕೈಯಲ್ಲಿ ಹಿಡಿದು ತಳ ಮುಟ್ಟಿ ನೋಡಿದ. "ಇನ್ನೂ ಬೆಚ್ಚಗೈತಿ," ಎಂದ. ಆಮೇಲೆ ಹುಸೇನಸಾಬನಿರುವ ಕಡೆಗೆ ಮುಖ ತಿರುಗಿಸಿದ. ಅವನು ಇನ್ನೂ ನೆಲ ನೋಡುತ್ತಲೇ ನಿಂತಿದ್ದ, ಬಹುಶಃ ತಲೆ ಎತ್ತಲು ಅವನಿಗೂ ಮನಸ್ಸಿರಲಿಲ್ಲ. "ಹುಸೇನಾ, ಇಕಿ ನನ್ನ ಉಳಸಾಕ ನೋಡಿದಳು. ನಿನ್ನ ಹುಡುಗೂರನ್ನ ಉಳಸಾಕ ಇಕಿ ಕೈಲಿ ಆಗಾಂಗಿಲ್ಲ, ನನ್ನ ಕೈಲೂ ಆಗಾಂಗಿಲ್ಲ. ನಾಳಿಗೆ ಬ್ಯಾರೆದವರನ್ನ ಕರಿ," ಎಂದ. ಹುಸೇನಸಾಬ ಬಂದು ಅಪ್ಪನ ಎರಡೂ ಕೈಗಳನ್ನು ರೀಲಿನ ಸಮೇತ ಹಿಡಿದುಕೊಂಡು ನಿಂತ, ಆಮೇಲೆ ಆಳುಗಳನ್ನು ಕರೆದುಕೊಂಡು ಹೊರಟ. ಕಂಕಣದ ಹುಡುಗ ಗೇಟಿನವರೆಗೂ ತಿರುಗಿ ತಿರುಗಿ ನೋಡುತ್ತಿದ್ದ.

ಮನೆಗೆ ಬರುವಾಗ ಚನ್ನವೀರ ಅವ್ವನ ಕೈ ಹಿಡಿದುಕೊಂಡು ಮುಂದೆ ನಡೆದ, ಅವಳಿಗೆ ಇನ್ನೂ ಕಣ್ಣು ತೆರೆಯಲಾಗುತ್ತಿರಲಿಲ್ಲ. ಅಪ್ಪನ ತೋಳು ಹಿಡಿದವಳು ನಾನು. ಹೀಗಾಗಲಿ ಎಂದೇ ನಾನು ಇದನ್ನೆಲ್ಲ ಹೂಡಿದ್ದು, ಹೀಗೇ ಆಗಿತ್ತು, ಆರು ಜನರ ಜೀವ ಉಳಿದಿತ್ತು. ಆದರೂ ನನಗೆ ಏನೋ ಕದ್ದು ತಂದವಳಂತೆ ಸಂಕಟವಾಗುತ್ತಿತ್ತು. ಗಡಿಯಾರದ ಗೋಪುರದ ಹತ್ತಿರ ಬಂದಾಗ ಅಪ್ಪ ನಿಂತ.

"ದಾಕ್ಷಿ, ನೀ ಸುಳ್ಳು ಹೇಳಾಕಿ ಅಲ್ಲ," ಎಂದ. "ಒಂದು ಕೇಳ್ತೀನಿ. ನಾ ಅದರ ಕಡೀಗೇ ನೋಡಾಕತ್ತಿದ್ನೇನು?"

ಏನೂ ಇಲ್ಲದ ಆ ಆಕಾಶವೂ, ಶಾಲೆಯ ಕಡೆಗಿದ್ದ ಅವನ ಬೆನ್ನೂ ನನಗೆ ಕಣ್ಣಿಗೆ ಕಟ್ಟಿದಂತಿದ್ದವು.

"ಅದರ ಕಡೀಗೇ ನೋಡಾಕತ್ತಿದ್ದಿ ಅಪ್ಪ," ಎಂದೆ. "ಒಂದು ಬೆರಳಷ್ಟು ತಪ್ಪಿತ್ತು."

ಅಪ್ಪ "ಬೆರಳಷ್ಟು," ಎಂದು ತಲೆಯಾಡಿಸಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.